ಪೊಟ್ಟಣದ ಕೆಂಪು, ಕಾಯಿಯ ಕೆಂಪು

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಊರುಗಳ ಉತ್ಪನ್ನಗಳಿಗೆ ಬ್ರ್ಯಾಂಡ್ ಕಟ್ಟಬೇಕೆಂಬ ಮಾತು ಈಗ ಕೃಷಿ ಮೇಳದ ವೇದಿಕೆಯಿಂದ ಹಿಡಿದು ಸ್ವಸಹಾಯ ಸಂಘದ ವಾರದ ಸಭೆಯವರೆಗೆ ಎಲ್ಲ ಕಡೆಯೂ ಕೇಳಿಬರುತ್ತಿದೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯು ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂಬ ನೆಲೆಯಲ್ಲಿ ಬ್ರ್ಯಾಂಡಿಂಗ್‌ಗೂ ನೆರವು ನೀಡಿರುವುದರಿಂದ, ಮೊದಲು ಕೈಬರಹದ ಚೀಟಿ ಅಂಟಿಸಿ ಮಾರುತ್ತಿದ್ದವರೂ ಇಂದು ಲೋಗೊ, ಪೊಟ್ಟಣ, ಕರಪತ್ರಗಳ ಬಗ್ಗೆ ಯೋಚಿಸುತ್ತಿದ್ದಾರೆ. ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲೂ ಈ ಕುರಿತು ಆಗಾಗ ಬರಹಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಹೆಸರು, ಲೋಗೊ, ಪರವಾನಗಿ, ಮಾರಾಟದ ಜಾಲ ಇವಿಷ್ಟರ ಚರ್ಚೆ ನಡೆಯುವಾಗ ಒಂದು ವಿಷಯ ಯಾವಾಗಲೂ ಬಿಟ್ಟುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ವಸ್ತುಗಳ ಛಾಯಾಗ್ರಹಣವನ್ನೂ ಪೊಟ್ಟಣಗಳ ವಿನ್ಯಾಸವನ್ನೂ ಮಾಡಿಕೊಂಡು ಬಂದಿರುವವನಾಗಿ ಅದನ್ನು ತಮ್ಮ ಓದುಗರ ಮುಂದಿಡಲು ಬಯಸುತ್ತೇನೆ. ನಮ್ಮಲ್ಲಿ ಬ್ರ್ಯಾಂಡಿನ ಬಣ್ಣ ಆರಿಸುವವರು ಒಬ್ಬರು, ಛಾಯಾಚಿತ್ರ ತರುವವರು ಇನ್ನೊಬ್ಬರು. ಇಬ್ಬರ ಕೆಲಸವೂ ಮೊದಲ ಬಾರಿಗೆ ಮುಖಾಮುಖಿಯಾಗುವುದು ಮುದ್ರಣ ಯಂತ್ರದ ಮೇಲೆ. ಅಷ್ಟರಲ್ಲಿ ತಿದ್ದುವ ಕಾಲ ಮೀರಿರುತ್ತದೆ.

ನಾನು ಹೇಳುತ್ತಿರುವುದು ಊಹೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಒಂದು ಮಹಿಳಾ ಸಂಘದವರು ತಮ್ಮ ಖಾರದ ಪುಡಿಯ ಪೊಟ್ಟಣವನ್ನು ಹಿಡಿದುಕೊಂಡು ನನ್ನ ಸ್ಟುಡಿಯೊಗೆ ಬಂದಿದ್ದರು. ದೊಡ್ಡ ಊರಿನ ಒಂದು ವಿನ್ಯಾಸ ಸಂಸ್ಥೆ ಅದನ್ನು ಮಾಡಿಕೊಟ್ಟಿತ್ತು. ಪೊಟ್ಟಣದ ನೆಲ, ಅಂದರೆ ಹಿನ್ನೆಲೆ, ಕಡುಗೆಂಪು, ಅಕ್ಷರ ಅರಿಶಿನ ಹಳದಿ, ಕೆಳಭಾಗದಲ್ಲಿ ಅಂತರಜಾಲದ ಚಿತ್ರ ಭಂಡಾರದಿಂದ ಹಣ ಕೊಟ್ಟು ಕೊಂಡ ಮೆಣಸಿನಕಾಯಿಯ ಚಿತ್ರ. ಒಂದೊಂದನ್ನೇ ಬೇರೆಯಾಗಿ ನೋಡಿದರೆ ಯಾವುದರಲ್ಲೂ ತಪ್ಪು ತೆಗೆಯುವಂತಿರಲಿಲ್ಲ. ಆದರೂ ಅಂಗಡಿಯ ಹಲಗೆಯ ಮೇಲೆ ಇಟ್ಟಾಗ ಪೊಟ್ಟಣ ಒಂದು ಕೆಂಪು ಮುದ್ದೆಯಂತೆ ಕಾಣುತ್ತಿತ್ತು. ಕಾಯಿ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂಬುದೇ ಮೂರು ಅಡಿ ದೂರದಿಂದ ತಿಳಿಯುತ್ತಿರಲಿಲ್ಲ. ಸಂಘದ ಹಿರಿಯ ಹೆಣ್ಣುಮಗಳೊಬ್ಬರು ಚಿತ್ರದ ಮೇಲೆ ಬೆರಳಿಟ್ಟು, “ಇದು ನಮ್ಮ ಕಾಯಿ ಅಲ್ರೀ, ನಮ್ಮ ಕಾಯಿಗೆ ಸುಕ್ಕು ಇರ್ತೈತಿ” ಎಂದರು. ವಿನ್ಯಾಸ ಸಂಸ್ಥೆಯವರಿಗೆ ಹೊಳೆಯದೇ ಹೋದದ್ದು ಅದೇ ಆಗಿತ್ತು.

ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಒಣಗಿದ ಮೇಲೆ ಮೈತುಂಬ ನೆರಿಗೆಗಟ್ಟುವುದೇ ಅದರ ಗುರುತು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೊರೆಸಿನ್ ಎಂಬ ಗಾಢ ಸಾರವನ್ನು ತೆಗೆದು ಆಹಾರಕ್ಕೂ ಪ್ರಸಾಧನ ಸಾಮಗ್ರಿಗಳಿಗೂ ಬಳಸುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಈ ವಿಶೇಷಕ್ಕೇ. ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರಿಯು ಕಾಯಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುವುದು ಬಣ್ಣವನ್ನು. ಆ ಬಣ್ಣ ಮಾಸದಿರಲೆಂದೇ ಆ ಊರಿನ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿವೆ. ಬಣ್ಣದಿಂದಲೇ ಬೆಲೆ ಕಟ್ಟಿಸಿಕೊಳ್ಳುವ ಇಂಥ ಸರಕಿನ ಪೊಟ್ಟಣದ ಮೇಲೆ ನುಣುಪಾದ, ಮೇಣ ಹಚ್ಚಿದಂತೆ ಮಿನುಗುವ, ಯಾವುದೋ ದೇಶದ ಹಸಿ ಮೆಣಸಿನ ಹಣ್ಣಿನ ಚಿತ್ರ ಹಾಕಿದ್ದರು. ಲೋಗೊದಲ್ಲಿ ‘ಬ್ಯಾಡಗಿ’ ಎಂದು ಬರೆದಿತ್ತು, ಚಿತ್ರ ಅದನ್ನು ಅಲ್ಲಗಳೆಯುತ್ತಿತ್ತು.

ವಿನ್ಯಾಸಕಾರರು ಪ್ಯಾಲೆಟ್ ಎಂದು ಕರೆಯುವ ಬಣ್ಣದ ಬಳಗವನ್ನು ಆರಿಸುವಾಗ ಸಾಮಾನ್ಯವಾಗಿ ಅರವತ್ತು–ಮೂವತ್ತು–ಹತ್ತು ಎಂಬ ಲೆಕ್ಕ ಹೇಳುತ್ತಾರೆ: ಮುಖ್ಯ ಬಣ್ಣ ನೂರಕ್ಕೆ ಅರವತ್ತು ಪಾಲು, ಜೊತೆಯ ಬಣ್ಣ ಮೂವತ್ತು, ಕಣ್ಸೆಳೆಯುವ ಬಣ್ಣ ಹತ್ತು. ಕೇಳಲು ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಛಾಯಾಚಿತ್ರವನ್ನು ಯಾರೂ ಸೇರಿಸುವುದಿಲ್ಲ. ಆ ದಿನ ನಾನು ಸ್ಕೇಲು ಹಿಡಿದು ಅಳೆದೇ ನೋಡಿದೆ. ಪೊಟ್ಟಣದ ಮುಂಭಾಗ 12 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಎತ್ತರ, ಅಂದರೆ 216 ಚದರ ಸೆಂಟಿಮೀಟರ್. ಅದರಲ್ಲಿ ಚಿತ್ರವೊಂದೇ 120 ಚದರ ಸೆಂಟಿಮೀಟರ್ ಹಿಡಿದಿತ್ತು. ಲೋಗೊಗೆ ಸಿಕ್ಕಿದ್ದು 15. ಹೀಗಿರುವಾಗ ಆ ಬ್ರ್ಯಾಂಡಿನ ನಿಜವಾದ ಮುಖ್ಯ ಬಣ್ಣ ಯಾವುದು? ಕಡತದಲ್ಲಿ ಸಂಕೇತ ಸಂಖ್ಯೆ ಬರೆದಿಟ್ಟ ಕೆಂಪೋ, ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆಳುತ್ತಿರುವ ಚಿತ್ರದ ಬಣ್ಣಗಳೋ? ಲೋಗೊದ ಬಣ್ಣ ಒಂದು ಎಳೆ ಆಚೀಚೆಯಾದರೆ ಗಂಟೆಗಟ್ಟಲೆ ವಾದಿಸುವ ಸಭೆಗಳನ್ನು ನಾನು ನೋಡಿದ್ದೇನೆ. ಅದೇ ಸಭೆಯಲ್ಲಿ ಚಿತ್ರದ ಮಾತು ಬಂದಾಗ, “ಯಾವುದಾದರೂ ಚೆಂದದ್ದು ಹಾಕಿ” ಎಂದು ಎದ್ದು ಹೋಗುತ್ತಾರೆ.

ಅಕ್ಕಪಕ್ಕದಲ್ಲಿರುವ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬುದು ಹೊಸ ಸಂಗತಿಯೇನೂ ಅಲ್ಲ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್ ಅವರ ಬಳಿಗೆ, ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಎಂಬ ದೂರು ಬಂದಿತ್ತು. ಅವರು ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದಾಗಿ ಕಪ್ಪು ಕಳೆಗುಂದಿದಂತೆ ಕಾಣುತ್ತಿತ್ತು. 1839ರಲ್ಲಿ ಅವರು ಈ ವಿಚಾರವನ್ನು ನಿಯಮದ ರೂಪದಲ್ಲಿ ಪ್ರಕಟಿಸಿದರು. ನಮ್ಮ ಇಳಕಲ್ಲಿನ ನೇಕಾರರು, ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸುವ ಕುಶಲಕರ್ಮಿಗಳು ಯಾವ ಪುಸ್ತಕವನ್ನೂ ಓದದೆ ಇದನ್ನು ಅರಿತಿದ್ದಾರೆ. ಕೆಂಪಿನ ಪಕ್ಕ ಹಸಿರಿನ ಗೆರೆ ಎಷ್ಟು ದಪ್ಪ ಇರಬೇಕೆಂದು ಅವರ ಕೈಗೆ ಗೊತ್ತು. ಪೊಟ್ಟಣದ ವಿನ್ಯಾಸದಲ್ಲಿ ಮಾತ್ರ ನಾವು ಇದನ್ನು ಮರೆತು, ಚಪ್ಪಟೆ ಬಣ್ಣದ ಪಕ್ಕ ಛಾಯಾಚಿತ್ರ ಅಂಟಿಸುತ್ತೇವೆ. ಛಾಯಾಚಿತ್ರದಲ್ಲಿರುವ ಕೆಂಪು ಒಂದೇ ಕೆಂಪಲ್ಲ. ಒಂದೇ ಒಂದು ಒಣಮೆಣಸಿನಕಾಯಿಯನ್ನು ಬೆಳಕಿನಲ್ಲಿಟ್ಟು ನೋಡಿದರೆ ನೆರಿಗೆಯ ಒಳಗೆ ಹೆಚ್ಚುಕಡಿಮೆ ಕಪ್ಪು, ಅದರ ಅಂಚಿಗೆ ಕಾಡಿಗೆ ಬೆರೆತ ಕಂದು, ಉಬ್ಬಿದಲ್ಲಿ ರಕ್ತಗೆಂಪು, ಬೆಳಕು ಬಿದ್ದ ತುದಿಯಲ್ಲಿ ಕಿತ್ತಳೆ ಕಾಣುತ್ತದೆ. ಇದರ ಪಕ್ಕದಲ್ಲಿ ಏಕರೂಪದ ಢಾಳು ಕೆಂಪನ್ನು ತುಂಬಿದರೆ, ಆ ಕೆಂಪಿನ ಮುಂದೆ ಕಾಯಿ ಹಳೆಯ ಸರಕಿನಂತೆ ಮಂಕಾಗುತ್ತದೆ. ಹಾಗೆ ಮಂಕಾದಾಗ ವಿನ್ಯಾಸಕಾರ ಮಾಡುವ ಉಪಾಯವೆಂದರೆ ಕಂಪ್ಯೂಟರಿನಲ್ಲಿ ಕಾಯಿಯ ಬಣ್ಣವನ್ನು ಇನ್ನಷ್ಟು ಏರಿಸುವುದು. ಏರಿಸಿದಷ್ಟೂ ನೆರಿಗೆ ಅಳಿಸಿಹೋಗಿ ಕಾಯಿ ಪ್ಲಾಸ್ಟಿಕ್ ಆಗುತ್ತದೆ.

ನಾವು ಆ ಕೆಲಸವನ್ನು ತಿರುಗಿ ಮಾಡಿದಾಗ ಮೊದಲು ಕ್ಯಾಮೆರಾ ಎತ್ತಿಕೊಂಡೆವು, ಬಣ್ಣ ಆಮೇಲೆ. ಮಾಘದ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಅಡ್ಡಲಾಗಿ ಬೀಳುತ್ತಿದ್ದ ಹೊತ್ತಿನಲ್ಲಿ, ಸಂಘದವರ ಅಂಗಳದಲ್ಲಿ ಹಳೆಯ ಗೋಣಿತಟ್ಟು ಹಾಸಿ ಅದರ ಮೇಲೆ ಕಾಯಿಗಳನ್ನು ಹರವಿ ಚಿತ್ರ ತೆಗೆದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸುಕ್ಕು ಕಾಣುವುದಿಲ್ಲ. ಬೆಳಕು ಮಗ್ಗುಲಿನಿಂದ ತಾಗಬೇಕು, ಆಗ ಒಂದೊಂದು ನೆರಿಗೆಯೂ ತನ್ನ ನೆರಳನ್ನು ತಾನೇ ಹಾಸಿಕೊಳ್ಳುತ್ತದೆ. ಆ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಬಣ್ಣದ ಬಳಗವನ್ನು ಅದರಿಂದಲೇ ಹೆಕ್ಕಿದೆವು. ಎಲ್ಲರೂ ಮೊದಲು ಕೈಹಾಕುವುದು ಚಿತ್ರದಲ್ಲಿ ಅತಿ ಹೊಳೆಯುವ ಬಣ್ಣಕ್ಕೆ. ನಾವು ಅದನ್ನು ಕಾಯಿಗೇ ಬಿಟ್ಟುಕೊಟ್ಟೆವು, ಏಕೆಂದರೆ ಆ ಪೊಟ್ಟಣದಲ್ಲಿ ಅಷ್ಟು ಕೆಂಪಾಗಿರುವ ಹಕ್ಕು ಬೇರೆ ಯಾವುದಕ್ಕೂ ಇರಬಾರದು. ಅಕ್ಷರಗಳಿಗೆ ನೆರಿಗೆಯ ಒಳಗಿನ ಕಗ್ಗಂದು, ನೆಲಕ್ಕೆ ಒಣಗಿದ ತೊಟ್ಟಿನ ಹುಲ್ಲುಬಣ್ಣ, ಕಟ್ಟಿನ ಗೆರೆಗೆ ಗೋಣಿಯ ಮಾಸಲು ಕಂದು ಬಂದವು. ನಾಲ್ಕನೆಯ ಬಣ್ಣವಾಗಿ ಆ ಅಂಗಳದ ಬಾಗಿಲಿಗೆ ಬಳಿದಿದ್ದ ನೀಲಿಯನ್ನು ಸೇರಿಸಿಕೊಳ್ಳುವ ಆಸೆ ನನಗೆ ಬಹಳವಿತ್ತು. ಸಂಘದವರು ಬೇಡವೆಂದರು, ಅವರು ಹೇಳಿದ್ದೇ ಸರಿ; ನೀಲಿ ಬಂದ ಕೂಡಲೇ ಕಣ್ಣು ಕಾಯಿಯನ್ನು ಬಿಟ್ಟು ಅತ್ತ ಓಡುತ್ತಿತ್ತು. ಹೊಸ ಪೊಟ್ಟಣದಲ್ಲಿ ಮೊದಲಿಗಿಂತ ಕೆಂಪು ಎಷ್ಟೋ ಕಡಿಮೆ, ಆದರೆ ನೋಡಿದವರೆಲ್ಲ ‘ಕೆಂಪು ಪೊಟ್ಟಣ’ ಎಂದೇ ಕರೆಯುತ್ತಾರೆ.

ಇದರಲ್ಲಿ ಖರ್ಚಿನ ಪ್ರಶ್ನೆಯೂ ಇದೆ. ಹೆಚ್ಚು ಸಂಖ್ಯೆಯ ಪ್ಲಾಸ್ಟಿಕ್ ಪೊಟ್ಟಣಗಳನ್ನು ಗ್ರಾವ್ಯೂರ್ ವಿಧಾನದಲ್ಲಿ ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರನ್ನು ಕೆತ್ತಿಸಬೇಕಾಗುತ್ತದೆ. ಕೆತ್ತಿದ ಮೇಲೆ ಬಣ್ಣ ಹೊಂದಲಿಲ್ಲವೆಂದು ಅನ್ನಿಸಿದರೆ ಹೊಸ ಸಿಲಿಂಡರಿಗೆ ಹೊಸದಾಗಿ ಹಣ ತೆರಬೇಕು. ಆ ಸಂಘದವರು ಮೊದಲ ಸಲ ಹೀಗೆ ಕಳೆದುಕೊಂಡದ್ದು ಅವರ ಒಂದು ಹಂಗಾಮಿನ ಲಾಭವನ್ನು. ಎರಡನೆಯ ಸಲ ನಾವು ಖಾಲಿ ಚೀಲಗಳ ಮೇಲೆ ಡಿಜಿಟಲ್ ಮುದ್ರಣದ ಚೀಟಿ ಅಂಟಿಸಿ ನಾಲ್ಕು ತಿಂಗಳು ಮಾರಿ ನೋಡಿ, ಆಮೇಲೆ ಸಿಲಿಂಡರಿನ ಮಾತೆತ್ತಿದೆವು. ಸಣ್ಣ ಬಂಡವಾಳದವರಿಗೆ ಇದಕ್ಕಿಂತ ಕ್ಷೇಮವಾದ ದಾರಿ ನನಗೆ ತಿಳಿದಿಲ್ಲ.

ಸೀರೆಯ ವಿಷಯಕ್ಕೆ ಬಂದರೆ ತೊಡಕು ಇನ್ನೂ ಸೂಕ್ಷ್ಮವಾದದ್ದು. ಇಳಕಲ್ಲಿನ ಸೀರೆಯ ಟೋಪ ತೆನೆ ಎಂಬ ವಿನ್ಯಾಸದ ಸೆರಗಿನ ಕೆಂಪನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಟವರು ಒಂದಲ್ಲ ಒಂದು ದಿನ ಕೈಚೆಲ್ಲಿರುತ್ತಾರೆ. ಇದಕ್ಕೆ ಯಂತ್ರದೊಳಗೇ ಒಂದು ಕಾರಣವಿದೆ. ಇಂದಿನ ಬಹುಪಾಲು ಡಿಜಿಟಲ್ ಕ್ಯಾಮೆರಾಗಳ ಸಂವೇದಕದ ಮೇಲೆ ಬೇಯರ್ ಅವರ ಹೆಸರಿನ ಬಣ್ಣದ ಜಾಲರಿ ಇರುತ್ತದೆ. ಕೊಡಾಕ್ ಕಂಪನಿಯಲ್ಲಿದ್ದ ಅವರಿಗೆ 1976ರಲ್ಲಿ ಅದರ ಪೇಟೆಂಟ್ ದೊರೆಯಿತು. ಆ ಜಾಲರಿಯ ಕಣ್ಣುಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ನೀಲಿಗೆ, ಇನ್ನು ಕಾಲು ಭಾಗ ಮಾತ್ರ ಕೆಂಪಿಗೆ ಮೀಸಲು. ಅಪ್ಪಟ ಕೆಂಪು ಸೆರಗಿನ ಮುಂದೆ ನಿಂತಾಗ ನಾಲ್ಕರಲ್ಲಿ ಒಂದು ಕಣ್ಣು ಅತಿಯಾಗಿ ತುಂಬಿಹೋಗುತ್ತದೆ, ಉಳಿದ ಮೂರಕ್ಕೆ ಹೆಚ್ಚೇನೂ ಕಾಣುವುದಿಲ್ಲ. ಫಲವಾಗಿ ನೂಲಿನ ಎಳೆ, ನೇಯ್ಗೆಯ ಏರಿಳಿತ ಎಲ್ಲವೂ ಕಲಸಿಹೋಗಿ, ಸೆರಗು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸಿ ತೆಗೆದು, ಆಮೇಲೆ ನೆರಳಿನ ಭಾಗವನ್ನು ನಿಧಾನವಾಗಿ ಎತ್ತಿದರೆ ಎಳೆ ಉಳಿಯುತ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಗಿರಿಕುಂಕುಮದ ಕೆಂಪು ಕಿತ್ತಳೆಯ ಕಡೆಗೆ, ನವಿಲು ಹಸಿರು ನೀಲಿಯ ಕಡೆಗೆ ಜಾರುತ್ತವೆ. ಅಂಚಿನ ಚಿಕ್ಕಿ ಪರಾಸಿನಂಥ ಸಣ್ಣ ನೇಯ್ಗೆಯಂತೂ ಪರದೆಯ ಮೇಲೆ ಅಲೆ ಅಲೆಯಾಗಿ ನಡುಗುತ್ತದೆ. ಇಂಥ ಚಿತ್ರವನ್ನು ಎದುರಿಗಿಟ್ಟುಕೊಂಡು ಬ್ರ್ಯಾಂಡಿನ ಬಣ್ಣ ಹೆಕ್ಕಿದ ವಿನ್ಯಾಸಕಾರನು ಸೀರೆಯ ಬಣ್ಣವನ್ನಲ್ಲ, ಟ್ಯೂಬ್‌ಲೈಟಿನ ಬಣ್ಣವನ್ನು ಹೆಕ್ಕಿರುತ್ತಾನೆ. ಗ್ರಾಹಕರು ತರಿಸಿಕೊಂಡ ಸೀರೆಯನ್ನು ‘ಚಿತ್ರದಲ್ಲಿದ್ದ ಬಣ್ಣವಲ್ಲ’ ಎಂದು ಹಿಂದಿರುಗಿಸಿದಾಗ ನಷ್ಟ ಹೊರುವವನು ನೇಕಾರ.

ಇದಕ್ಕೆ ದುಬಾರಿ ಉಪಕರಣವೇನೂ ಬೇಕಾಗಿಲ್ಲ. ಪ್ರತಿ ಚಿತ್ರಣದ ಮೊದಲ ಚಿತ್ರದಲ್ಲಿ ನೂರಕ್ಕೆ ಹದಿನೆಂಟು ಪಾಲು ಬೆಳಕನ್ನು ಮರಳಿಸುವ ಬೂದು ಹಲಗೆಯೊಂದನ್ನು ಸೀರೆಯ ಪಕ್ಕ ಇಟ್ಟರೆ, ಮುಂದೆ ಎಲ್ಲ ಚಿತ್ರಗಳ ಬಣ್ಣವನ್ನು ಅದಕ್ಕೆ ಸರಿದೂಗಿಸಬಹುದು. ಬಡಗಣ ಮುಖದ ಪಡಸಾಲೆ, ಸುಣ್ಣ ಬಳಿದ ಗೋಡೆ, ಮಧ್ಯಾಹ್ನಕ್ಕೆ ಮುಂಚಿನ ಹೊತ್ತು; ನಮ್ಮ ಊರುಗಳಲ್ಲಿ ಇವಕ್ಕೆ ಬಾಡಿಗೆಯಿಲ್ಲ. ಸುಣ್ಣದ ಗೋಡೆಗೆ ಇನ್ನೊಂದು ಗುಣವೂ ಉಂಟು. ಅದು ಕಾಗದದ ಬಿಳಿಯಂತೆ ಕಣ್ಣಿಗೆ ರಾಚುವುದಿಲ್ಲ, ಅದರ ಮೇಲೆ ನೆರಳು ಮೆತ್ತಗೆ ಬೀಳುತ್ತದೆ, ಇಳಕಲ್ಲಿನ ಕೆಂಪಿಗೂ ಗುಳೇದಗುಡ್ಡದ ಖಣಕ್ಕೂ ಅದು ಚೆನ್ನಾಗಿ ಒಪ್ಪುತ್ತದೆ. ಪ್ರತಿ ಚಿತ್ರದ ಹಿನ್ನೆಲೆಯಲ್ಲಿಯೂ ಆ ಗೋಡೆ ಬರುವುದಾದರೆ, ಆ ಸುಣ್ಣದ ಬಿಳಿಯೇ ಬ್ರ್ಯಾಂಡಿನ ಮೊದಲ ಬಣ್ಣವಾಗಿ ಕಡತದಲ್ಲಿ ದಾಖಲಾಗಲಿ, ಕೈಚೀಲ, ಬೆಲೆಚೀಟಿ, ಜಾಲತಾಣ ಎಲ್ಲವೂ ಅದೇ ನೆಲದ ಮೇಲೆ ನಿಲ್ಲಲಿ ಎಂಬುದು ನನ್ನ ಸಲಹೆ.

ಬಣ್ಣದ ಮಾತು ಬಂದಾಗ ಮೈಬಣ್ಣದ ಮಾತನ್ನು ಬಿಡಲಾಗದು. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿಯು ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡುಗಳಲ್ಲಿ ಬಿಳಿಯ ಹೆಣ್ಣುಮಗಳ ಚಿತ್ರವಿರುತ್ತಿತ್ತು. ‘ಶರ್ಲಿ ಕಾರ್ಡ್’ ಎಂದೇ ಅವು ಹೆಸರಾಗಿದ್ದವು. ಆಕೆಯ ಮೈಬಣ್ಣ ಸರಿಯಾಗಿ ಬಂದರೆ ಎಲ್ಲ ಬಣ್ಣವೂ ಸರಿ ಎಂದು ಲೆಕ್ಕ. ಕಪ್ಪು, ಕಂದು ಮೈಬಣ್ಣಗಳು ಆ ಫಿಲ್ಮಿನಲ್ಲಿ ವಿವರ ಕಳೆದುಕೊಳ್ಳುತ್ತಿದ್ದುದು ಬಹುಕಾಲ ಯಾರನ್ನೂ ಕಾಡಲಿಲ್ಲ. ಕಂದು ಛಾಯೆಗಳು ಸರಿಯಾಗಿ ಬರುತ್ತಿಲ್ಲವೆಂದು ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣದವರೂ ದೂರಿದ ಮೇಲೆ ಫಿಲ್ಮ್ ಸುಧಾರಿಸಿತು. ಆ ಫಿಲ್ಮ್ ಹೋಯಿತು, ಅದರ ಕಣ್ಣು ಮಾತ್ರ ನಮ್ಮಲ್ಲಿ ಉಳಿದುಬಿಟ್ಟಿದೆ. ನೇಕಾರರ ಬ್ರ್ಯಾಂಡಿಗೆಂದು ನಾನು ತೆಗೆದುಕೊಟ್ಟ ಹಿರಿಯರೊಬ್ಬರ ಚಿತ್ರ ಕರಪತ್ರದಲ್ಲಿ ಅಚ್ಚಾಗಿ ಬಂದಾಗ, ಅವರ ಮುಖ ಎರಡು ಪಟ್ಟು ಬೆಳ್ಳಗಾಗಿತ್ತು. ವಿಚಾರಿಸಿದರೆ, ತೆಳು ಬಣ್ಣದ ನೆಲಕ್ಕೆ ಹೊಂದಲೆಂದು ಹಾಗೆ ಮಾಡಿದೆವು ಎಂಬ ಉತ್ತರ ಬಂತು. ಮುಖವನ್ನು ಬದಲಿಸುವ ಬದಲು ನೆಲವನ್ನು ಬದಲಿಸಬಹುದಿತ್ತಲ್ಲ! ದಟ್ಟ ಇಂಡಿಗೊ, ಮಣ್ಣುಗೆಂಪು, ಸಾಸಿವೆ ಹಳದಿಗಳ ಪಕ್ಕದಲ್ಲಿ ನಮ್ಮ ಜನರ ಮೈಬಣ್ಣ ಎಷ್ಟು ಕಳೆಯಿಂದ ನಿಲ್ಲುತ್ತದೆ ಎಂಬುದನ್ನು ಯಾವ ಜಾತ್ರೆಯಲ್ಲಾದರೂ ನೋಡಬಹುದು. ಮಸುಕು ಗುಲಾಬಿ, ತಿಳಿ ಬೂದುಗಳ ಬಳಗವನ್ನು ಬೇರೆ ಹವಾಮಾನದ, ಬೇರೆ ಬೆಳಕಿನ ಊರುಗಳಿಂದ ತಂದು, ಆಮೇಲೆ ಅದಕ್ಕೆ ತಕ್ಕಂತೆ ನಮ್ಮ ಮುಖಗಳನ್ನು ತೊಳೆಯುವ ಈ ಪದ್ಧತಿಯನ್ನು ನಾನು ಒಪ್ಪಲಾರೆ.

ಛಾಯಾಚಿತ್ರವಿಲ್ಲದೆ ಬ್ರ್ಯಾಂಡ್ ನಿಲ್ಲುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಕೆಂಪು ಹಸಿರಿನ ಪೆಟ್ಟಿಗೆಯನ್ನು ಒಡವೆಯ ಡಬ್ಬಿಯಂತೆ ರೂಪಿಸಿದರು. ಸಿಂಹದ ಮೈಗೆ ಆನೆಯ ತಲೆಯಿರುವ ಶರಭ ಅದರ ಗುರುತು. ಗಂಧದೆಣ್ಣೆಯ ಕಾರ್ಖಾನೆ 1916ರಲ್ಲಿ ಹುಟ್ಟಿದ ಕಾಲದಿಂದ ಬೆಳೆದು ಬಂದ ಆ ಗುರುತಿಗೆ ಛಾಯಾಚಿತ್ರದ ಹಂಗಿರಲಿಲ್ಲ. ನಂದಿನಿ ಹಾಲಿನ ವಿಷಯದಲ್ಲಂತೂ ಬಣ್ಣವೇ ಹೆಸರಾಗಿದೆ. ಬೆಳಿಗ್ಗೆ ಅಂಗಡಿಗೆ ಹೋದವರು “ಎರಡು ನೀಲಿ ಕೊಡಿ” ಎಂದರೆ ಸಾಕು, ಟೋನ್ಡ್ ಹಾಲು ಕೈಗೆ ಬರುತ್ತದೆ. ಆದರೆ ಇಂಥ ಗಟ್ಟಿ ಬಣ್ಣದ ಬ್ರ್ಯಾಂಡುಗಳೂ ಈಗ ಮೊಬೈಲಿನ ಪರದೆಯ ಮೇಲೆ, ಹೆದ್ದಾರಿಯ ಫಲಕದ ಮೇಲೆ ಛಾಯಾಚಿತ್ರದ ಜೊತೆ ಬದುಕಬೇಕಾಗಿದೆ. 2025ರಲ್ಲಿ ಮೈಸೂರು ಸ್ಯಾಂಡಲ್‌ಗೆ ಹೊರರಾಜ್ಯದ ಚಿತ್ರನಟಿಯನ್ನು ರಾಯಭಾರಿಯಾಗಿ ನೇಮಿಸಿದಾಗ ಎದ್ದ ವಿವಾದ ಓದುಗರಿಗೆ ನೆನಪಿರಬಹುದು. ಯಾರ ಮುಖ ಇರಬೇಕು ಎಂಬ ಆ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ಕುತೂಹಲವೆಲ್ಲ, ಯಾರದೇ ಮುಖವಾಗಲಿ ಆ ಪೆಟ್ಟಿಗೆಯ ಕೆಂಪು ಹಸಿರಿನ ಪಕ್ಕದಲ್ಲಿ ಎಂಥ ಬೆಳಕಿನಲ್ಲಿ, ಎಂಥ ಹಿನ್ನೆಲೆಯಲ್ಲಿ ನಿಲ್ಲಬೇಕು ಎಂದು ಯಾರಾದರೂ ಕೇಳಿದರೇ ಎಂಬುದರ ಬಗ್ಗೆ.

ಇದನ್ನು ಕೇಳಿಕೊಂಡು ಗೆದ್ದವರೂ ಇದ್ದಾರೆ. ಇಟಲಿಯ ಬೆನೆಟನ್ ಉಡುಪು ಕಂಪನಿಗಾಗಿ ಛಾಯಾಗ್ರಾಹಕ ಒಲಿವಿಯೆರೊ ತೊಸ್ಕಾನಿ 1982ರಿಂದ 2000ದವರೆಗೆ ಮಾಡಿದ ಕೆಲಸದಲ್ಲಿ ಬಣ್ಣ ಬೇರೆ, ಚಿತ್ರ ಬೇರೆ ಎಂಬ ಭೇದವೇ ಕಾಣುವುದಿಲ್ಲ. ಅಪ್ಪಟ ಬಿಳಿ ನೆಲ, ಅದರ ಮುಂದೆ ನಾನಾ ಮೈಬಣ್ಣದ ಜನರು, ಮೂಲೆಯಲ್ಲಿ ಚಿಕ್ಕದೊಂದು ಹಸಿರು ಚೌಕಟ್ಟು. ಆ ಹಸಿರು ಚಿತ್ರದ ಯಾವ ಬಣ್ಣದೊಂದಿಗೂ ಜಗಳವಾಡದೆ ಮುದ್ರೆಯೊತ್ತಿದಂತೆ ಕೂರುತ್ತಿತ್ತು. ಅವರ ಕೆಲವು ಜಾಹೀರಾತುಗಳ ವಸ್ತುವಿನ ಬಗ್ಗೆ ನನಗೂ ತಕರಾರುಗಳಿವೆ, ಅದು ಬೇರೆಯ ಮಾತು.

ಇನ್ನು ಪತ್ರಿಕೆಗೆ ನೇರವಾಗಿ ಸಂಬಂಧಿಸಿದ ಸಂಗತಿ. ಪರದೆಯ ಮೇಲೆ ಬೆಳಗುವ ಎಷ್ಟೋ ಬಣ್ಣಗಳು ನಾಲ್ಕು ಶಾಯಿಗಳ ಮುದ್ರಣಕ್ಕೆ ದಕ್ಕುವುದೇ ಇಲ್ಲ. ಕಿತ್ತಳೆ, ಎಲೆಹಸಿರು, ಕಡುನೀಲಿಗಳು ಮೊದಲು ಸಾಯುತ್ತವೆ. ಅದರಲ್ಲೂ ಸುದ್ದಿ ಕಾಗದ ಬಿಳಿಯಲ್ಲ, ಬೂದು. ಅದು ಶಾಯಿಯನ್ನು ಹೀರುತ್ತದೆ, ಹೀರಿದ ಚುಕ್ಕಿ ಹರಡುತ್ತದೆ, ಚಿತ್ರ ಕಪ್ಪಾಗುತ್ತದೆ. ನುಣುಪು ಕಾಗದದ ಮೇಲೆ ನಾಲ್ಕೂ ಶಾಯಿಗಳ ಪ್ರಮಾಣ (ಒಂದೊಂದಕ್ಕೆ ಹೆಚ್ಚೆಂದರೆ ಶೇ 100) ಕೂಡಿ ಶೇ 300ರವರೆಗೆ ಹೋಗಬಹುದಾದರೆ, ಸುದ್ದಿ ಕಾಗದದಲ್ಲಿ ಶೇ 240ರ ಆಸುಪಾಸಿನಲ್ಲೇ ನಿಲ್ಲಬೇಕು. ಖಾರದ ಪುಡಿಯ ಸಂಘದವರು ಜಿಲ್ಲಾ ಆವೃತ್ತಿಯೊಂದರಲ್ಲಿ ತಮ್ಮ ಮೊದಲ ಜಾಹೀರಾತು ಕೊಟ್ಟಾಗ, ನಾವು ಅಷ್ಟು ಎಚ್ಚರದಿಂದ ಉಳಿಸಿಕೊಂಡ ನೆರಿಗೆಗಳೆಲ್ಲ ಒಂದೇ ಕಪ್ಪು ಕಲೆಯಾಗಿ ಬಂದಿದ್ದವು. ತಪ್ಪು ಪತ್ರಿಕೆಯದ್ದಲ್ಲ, ನನ್ನದು. ಪೊಟ್ಟಣಕ್ಕೆ ಸಿದ್ಧಪಡಿಸಿದ ಕಡತವನ್ನೇ ಸುದ್ದಿ ಕಾಗದಕ್ಕೂ ಕಳಿಸಿಬಿಟ್ಟಿದ್ದೆ. ಮುಂದಿನ ಸಲ ನೆರಳನ್ನು ತೆಳುಗೊಳಿಸಿ, ನೆಲದ ಹುಲ್ಲುಬಣ್ಣವನ್ನು ಪೂರ್ತಿ ತೆಗೆದು ಕಾಗದದ ಬೂದನ್ನೇ ನೆಲವಾಗಿ ಬಿಟ್ಟ ಮೇಲೆ ಕಾಯಿ ಕಾಯಿಯಂತೆ ಕಂಡಿತು. ಒಂದೇ ಬ್ರ್ಯಾಂಡಿನ ಬಣ್ಣದ ಬಳಗವು ಪೊಟ್ಟಣಕ್ಕೆ, ಪರದೆಗೆ, ಪತ್ರಿಕೆಗೆ ಮೂರು ರೂಪದಲ್ಲಿ, ಅದೂ ಅದೇ ಛಾಯಾಚಿತ್ರದ ಜೊತೆ ಪರೀಕ್ಷೆಗೊಳಗಾಗಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ ಕೈಸುಟ್ಟುಕೊಂಡು.

ಆದ್ದರಿಂದ ನನ್ನ ಕೋರಿಕೆ ಎರಡು ಕಡೆಗಿದೆ. ಸಹಕಾರ ಸಂಘಗಳು, ನಿಗಮಗಳು, ಇಲಾಖೆಗಳು ಬ್ರ್ಯಾಂಡ್ ವಿನ್ಯಾಸಕ್ಕೆ ಟೆಂಡರ್ ಕರೆಯುವಾಗ ಲೋಗೊ ಮತ್ತು ಬಣ್ಣಗಳನ್ನಷ್ಟೇ ಕೇಳದೆ, ಅದೇ ಉತ್ಪನ್ನದ, ಅದೇ ಊರಿನ ಬೆಳಕಿನಲ್ಲಿ ತೆಗೆದ ಕನಿಷ್ಠ ಹತ್ತು ಛಾಯಾಚಿತ್ರಗಳ ಮೇಲೆ ಆ ಬಣ್ಣಗಳನ್ನು ಕೂರಿಸಿ ತೋರಿಸಬೇಕೆಂದು ಷರತ್ತು ಹಾಕಲಿ. ಬೆಳಕು ಯಾವ ಕಡೆಯಿಂದ, ಹಿನ್ನೆಲೆ ಏನು, ಮುಖದ ಬಣ್ಣವನ್ನು ತಿದ್ದಬಾರದು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದ ಎರಡು ಪುಟದ ಸೂಚನೆಯನ್ನೂ ಕೇಳಿ ಪಡೆಯಲಿ. ಗುತ್ತಿಗೆ ಮುಗಿದ ಮೇಲೆ ಸಂಘದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹೊಸ ಚಿತ್ರ ತೆಗೆಯುವಾಗ ಅವಳ ಕೈಯಲ್ಲಿ ಇರಬೇಕಾದದ್ದು ಆ ಎರಡು ಪುಟ. ಎರಡನೆಯ ಕೋರಿಕೆ ತಮಗೆ. ತಮ್ಮ ಮುದ್ರಣ ವಿಭಾಗದವರು ವರ್ಷಕ್ಕೊಮ್ಮೆ ಕಾಲು ಪುಟದಷ್ಟು ಜಾಗದಲ್ಲಿ ಮೂವತ್ತು ನಲವತ್ತು ಬಣ್ಣದ ಚೌಕಗಳನ್ನೂ, ಪಕ್ಕದಲ್ಲಿ ಒಣಮೆಣಸಿನಕಾಯಿ, ಅರಿಶಿನ, ಸೀರೆಯ ಸೆರಗು, ಒಂದು ಮುಖ ಇಂಥ ನಾಲ್ಕು ಛಾಯಾಚಿತ್ರಗಳನ್ನೂ, ಪ್ರತಿಯೊಂದರ ಕೆಳಗೆ ಬಳಸಿದ ಶಾಯಿಯ ಪ್ರಮಾಣವನ್ನೂ ಅಚ್ಚುಹಾಕಿದರೆ, ನಮ್ಮಂಥವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಜಾಹೀರಾತು ಕೊಡುವ ಮುನ್ನ ಸಣ್ಣ ಉದ್ದಿಮೆಯವರು ತಮ್ಮ ಬಣ್ಣ ಈ ಕಾಗದದ ಮೇಲೆ ಹೇಗೆ ಬರಲಿದೆ ಎಂಬುದನ್ನು ಅಲ್ಲಿಯೇ ನೋಡಿಕೊಳ್ಳಬಹುದು. ಅದಕ್ಕೆ ಬೇಕಾದ ಮೆಣಸಿನಕಾಯಿಯ ಚಿತ್ರವನ್ನು, ನೆರಿಗೆಗಳ ಸಮೇತ, ನಾನು ಉಚಿತವಾಗಿ ಕಳಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಹುಬ್ಬಳ್ಳಿ